ತೊನ್ನಿನ ಚಿಕಿತ್ಸೆ, ಮೈಬಣ್ಣದ ಮುಲಾಮು

ಪ್ರಶ್ನೆ: ನನ್ನ ದೊಡ್ಡ ತಂಗಿಯ ಕೆನ್ನೆ ಮತ್ತು ಮುಂಗೈ ಮೇಲೆ ಕೆಲವು ವರ್ಷಗಳಿಂದ ತೊನ್ನಿನ ಬಿಳಿ ಕಲೆಗಳಿವೆ. ಈಗ ಅವಳಿಗೆ ಸಂಬಂಧವೊಂದು ಕೂಡಿಬರುತ್ತಿದೆ. ಚರ್ಮದ ಕಸಿ ಮಾಡಬಹುದೆಂದು ವೈದ್ಯರು ಹೇಳಿದರೂ, ಅಲ್ಲಾಹನು ಕೊಟ್ಟ ರೂಪವನ್ನು ಬದಲಿಸುವುದು ಹರಾಮ್ ಎಂದು ಅಜ್ಜಿ ತಡೆಯುತ್ತಾರೆ. ಅದೇ ಅಜ್ಜಿ ಸಣ್ಣ ತಂಗಿ ಬೆಳ್ಳಗಾಗಲೆಂದು ಬಜಾರದಿಂದ ಮುಲಾಮಿನ ಡಬ್ಬಿ ತರಿಸಿಕೊಟ್ಟಿದ್ದಾರೆ. ಯಾವುದು ಸರಿ?
– ಹೆಸರು ಬೇಡವೆಂದ ಓದುಗರು, ವಿಜಯಪುರ

ಉತ್ತರ: ಅಜ್ಜಿಯವರ ಅಂಜಿಕೆಗೆ ಆಧಾರವಿದೆ, ಆದರೆ ಅವರು ತಡೆಯಬೇಕಾಗಿದ್ದುದು ಕಸಿಯನ್ನಲ್ಲ, ಆ ಡಬ್ಬಿಯನ್ನು. ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಮನುಷ್ಯರನ್ನು ಪ್ರೇರೇಪಿಸುವೆನೆಂದು ಸೈತಾನನು ಹಾಕುವ ಸವಾಲು ಕುರ್‌ಆನಿನ ಅನ್ನಿಸಾ ಅಧ್ಯಾಯದ 119ನೆಯ ವಚನದಲ್ಲಿದೆ. ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ, ಚೆಲುವಿಗಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವವರನ್ನೂ ಶಪಿಸುವ ಹದೀಸ್ (ಪ್ರವಾದಿ ಮುಹಮ್ಮದರ ನುಡಿ) ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳೆರಡರಲ್ಲೂ ಬಂದಿದೆ. ‘ಚೆಲುವಿಗಾಗಿ’ ಎಂಬ ಆ ಮಾತನ್ನು ಹಿಡಿದೇ ವಿದ್ವಾಂಸರು, ರೋಗ ಮತ್ತು ಗಾಯಗಳಿಂದಾದ ಕುಂದನ್ನು ಸರಿಪಡಿಸುವುದನ್ನು ಈ ನಿಷೇಧದಿಂದ ಹೊರಗಿಟ್ಟಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಎಂಬವರು ಬೆಳ್ಳಿಯ ಮೂಗು ಹಾಕಿಸಿಕೊಂಡಾಗ ಅದು ನಾರತೊಡಗಿತೆಂದೂ, ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಪ್ರವಾದಿಯವರೇ ಹೇಳಿದರೆಂದೂ ಅಬೂ ದಾವೂದ್ ಸಂಗ್ರಹದಲ್ಲಿದೆ. ಗಂಡಸರಿಗೆ ಚಿನ್ನವೇ ನಿಷಿದ್ಧವಾಗಿದ್ದರೂ ಇಲ್ಲಿ ಅನುಮತಿ ದೊರೆತುದನ್ನು ಗಮನಿಸಬೇಕು.

ತೊನ್ನಿಗಂತೂ ಇನ್ನೂ ನೇರವಾದ ಆಧಾರವಿದೆ. ಅರಬಿಯಲ್ಲಿ ಇದಕ್ಕೆ ‘ಬರಸ್’ ಎನ್ನುತ್ತಾರೆ. ಪ್ರವಾದಿ ಈಸಾ (ಯೇಸು) ಅವರು ಅಲ್ಲಾಹನ ಅನುಮತಿಯಿಂದ ಗುಣಪಡಿಸಿದವರ ಸಾಲಿನಲ್ಲಿ ಕುರ್‌ಆನ್ (3:49) ಹೆಸರಿಸುವುದು ಹುಟ್ಟುಗುರುಡರನ್ನು ಮತ್ತು ಬರಸ್ ಆದವರನ್ನು. ಗುಣವಾಗುವುದೇ ಅನುಗ್ರಹವೆಂದು ಗ್ರಂಥವು ಹೇಳುವಾಗ, ಬಣ್ಣ ಕೊಡುವ ಜೀವಕೋಶಗಳು ನಾಶವಾಗಿ ಬಿಳಿಚಿದ ಚರ್ಮಕ್ಕೆ ಅದರ ಮೊದಲಿನ ಬಣ್ಣವನ್ನು ಮರಳಿಸುವುದು ಸೃಷ್ಟಿಯ ಬದಲಾವಣೆ ಹೇಗಾದೀತು? ಕಸಿ ಮಾಡಿಸಲಿ. ಆದರೆ ಕಲೆಗಳು ಹರಡದೆ ಸುಮಾರು ಒಂದು ವರ್ಷವಾದರೂ ನಿಂತಿವೆಯೇ ಎಂದು ವೈದ್ಯರನ್ನು ಕೇಳಿಕೊಳ್ಳಿರಿ.

ಇನ್ನು ಡಬ್ಬಿಯ ಮಾತು. ಸಣ್ಣ ತಂಗಿಗೆ ರೋಗವಿಲ್ಲ, ಇರುವುದು ಬಣ್ಣ. ಬಣ್ಣಗಳ ಭಿನ್ನತೆಯನ್ನು ಕುರ್‌ಆನ್ (30:22) ಅಲ್ಲಾಹನ ನಿದರ್ಶನಗಳಲ್ಲಿ ಎಣಿಸುತ್ತದೆ. ಮೆಹಂದಿ, ಸುರ್ಮಾಗಳಂತಹ ತಾತ್ಕಾಲಿಕ ಅಲಂಕಾರಕ್ಕೆ ಅಡ್ಡಿಯಿಲ್ಲ. ಆದರೆ ಬಿಳುಪಿನ ಆಸೆ ಹುಟ್ಟಿಸಿ ಮಾರುವ ಎಷ್ಟೋ ಮುಲಾಮುಗಳಲ್ಲಿ ಪಾದರಸ ಅಥವಾ ಸ್ಟೀರಾಯ್ಡ್ ಇರುತ್ತದೆ. ಪಾದರಸವು ಮೂತ್ರಪಿಂಡವನ್ನು ಕೆಡಿಸಿದರೆ, ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ. ದೇಹಕ್ಕೆ ಹಾನಿ ತಂದುಕೊಳ್ಳಲು ಶರೀಅತ್ ಅನುಮತಿಸುವುದಿಲ್ಲ. ಬಹಳ ದಿನ ಹಚ್ಚಿದ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿಯುವುದುಂಟು. ಆದ್ದರಿಂದ ಡಬ್ಬಿಯನ್ನೇ ಒಯ್ದು ವೈದ್ಯರಿಗೆ ತೋರಿಸಿರಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಕಲೆ ಮರೆಮಾಡುವ ಬಣ್ಣವನ್ನು ಹಚ್ಚಿಕೊಳ್ಳಬಹುದು, ಆದರೆ ನೀರನ್ನು ತಡೆಯುವ ಪದರವಿದ್ದರೆ ವುಜೂ (ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮಾಡುವ ಮೊದಲು ಅದನ್ನು ತೆಗೆಯಬೇಕು. ಹೆಣ್ಣು ನೋಡಲು ಬರುವ ದಿನ ಮಾತ್ರ ಆ ಬಣ್ಣ ಬೇಡ. ಪೇಟೆಯಲ್ಲಿ ಕಾಳಿನ ರಾಶಿಯೊಳಗೆ ಕೈಯಿಟ್ಟ ಪ್ರವಾದಿಯವರಿಗೆ ಒಳಗಿನ ತೇವ ತಾಗಿದಾಗ, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಕೇಳಿದ್ದರು. ಬರಸ್ ಅನ್ನು ಮುಚ್ಚಿಟ್ಟಿದ್ದರೆ ನಿಖಾ ರದ್ದುಪಡಿಸಿಕೊಳ್ಳುವ ಹಕ್ಕಿದೆಯೆಂದು ಇಸ್ಲಾಮೀ ಕಾನೂನಿನ ಶಾಫಿಈ, ಮಾಲಿಕೀ ಮತ್ತು ಹಂಬಲೀ ಪಂಥಗಳು ಹೇಳುತ್ತವೆ. ಹನಫೀ ಪಂಥದ ಇಮಾಮ್ ಅಬೂ ಹನೀಫಾ ಅವರು ಇದನ್ನು ಒಪ್ಪುವುದಿಲ್ಲ ನಿಜ. ಆದರೆ ಅದು ಮುಚ್ಚಿಡಲು ಕೊಟ್ಟ ಅನುಮತಿಯಲ್ಲ. ತೊನ್ನು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲವೆಂಬುದನ್ನೂ ಸೇರಿಸಿ, ಮಾತು ಮುಂದುವರಿಯುವ ಮೊದಲೇ ಹುಡುಗನ ಮನೆಯವರಿಗೆ ತಿಳಿಸಿರಿ.