ಜೂನ್‌ನಲ್ಲಿ ಮಡಿಕೇರಿಗೆ ವರ್ಗ, ಮಕ್ಕಳೂ ಸೇರಿ ನಾಲ್ಕು ಜನ. ಸಾಮಾನು ಈಗಲೇ ತಂದಿಟ್ಟು ಜೂನ್‌ನಲ್ಲಿ ತೆಗೀತೀನಿ ಅಂತಿದ್ದೀನಿ. ಮಳೆಗಾಲದ ಶೂ, ಜಾಕೆಟ್, ಸ್ವೆಟರ್ ಬೆಂಗಳೂರಿನ ಫ್ಯಾಕ್ಟರಿ ಔಟ್‌ಲೆಟ್‌ನಲ್ಲಿ ತಗೊಳ್ಳೋದಾ, ಇಲ್ಲಾ ಮಡಿಕೇರಿ ಕಡೆಯ ಸಂತೆಯಲ್ಲಿ ತಗೊಳ್ಳೋದಾ? ಎಲ್ಲಿ ಜಾಸ್ತಿ ಡಿಸ್ಕೌಂಟ್ ಸಿಗುತ್ತೆ?

ಶೂವನ್ನಂತೂ ಔಟ್‌ಲೆಟ್‌ನಲ್ಲಿ ತಗೊಳ್ಳಬೇಡಿ. ಮೊದಲು ಇಷ್ಟು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ.

ನಾನು ಕೋಲಾರದ ಕಡೆಯವಳು, ಅಂಗನವಾಡಿ ಮೇಲ್ವಿಚಾರಕಿ. ಕೊಡಗಿಗೆ ವರ್ಗವಾದಾಗ ನಮ್ಮ ಮನೆಯಲ್ಲೂ ನಿಮ್ಮ ಹಾಗೆ ನಾಲ್ಕು ಜನ, ನಿಮ್ಮ ಹಾಗೇ ಲೆಕ್ಕ. ಊರು ಬಿಡುವ ಮೊದಲು ಬೆಂಗಳೂರಿಗೆ ಹೋಗಿ ಎಲ್ಲರಿಗೂ ಒಂದೇ ಸಲ ಶೂ, ಜಾಕೆಟ್ ತಂದುಬಿಟ್ಟರೆ ಅಲ್ಲಿ ಹೋಗಿ ಹುಡುಕೋ ತಾಪತ್ರಯ ಇರಲ್ಲ ಅಂತ. ಕೋಲಾರದಲ್ಲಿ ವರ್ಷವಿಡೀ ಬೀಳೋ ಮಳೆ ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದು ಇನ್ನೂ ಮಿಗುತ್ತೆ. ಇದನ್ನು ಕೇಳಿದ್ದೆವು. ಕೇಳಿದ್ದಕ್ಕೇ ಗಾಬರಿಯಾಗಿ 'ಒಳ್ಳೇ ಕಂಪನಿದೇ ತಗೊಳ್ಳೋಣ, ಆದರೆ ಕಡಿಮೆಗೆ ಸಿಗಬೇಕು' ಅಂತ ಹೊರಟೆವು.

ಅಂಗಡಿ ಹೆಸರು ಬೇಡ. ದೊಡ್ಡ ಔಟ್‌ಲೆಟ್, ಯುಗಾದಿ ಆಫರ್, ಎಲ್ಲೆಲ್ಲೂ ಶೇಕಡಾ 60, ಶೇಕಡಾ 70 ಅನ್ನೋ ಕೆಂಪು ಬೋರ್ಡು. ನನಗೆ ಸಿಕ್ಕಿದ್ದು 4,999 ರೂಪಾಯಿ ಎಂಆರ್‌ಪಿ ಇದ್ದ, ಪಾದದ ಗಂಟು ಮುಚ್ಚುವ ವಾಕಿಂಗ್ ಶೂ. ಕೊಟ್ಟಿದ್ದು 1,499. ಹಗುರ, ಮೆತ್ತಗೆ, ಹೊಲಿಗೆ ಅಚ್ಚುಕಟ್ಟು. ನಮ್ಮ ಯಜಮಾನರಿಗೂ ಅದೇ ಬ್ರಾಂಡು.

ಈಗ ಆ ಡಬ್ಬದ ವಿಷಯಕ್ಕೆ ಬರ್ತೀನಿ, ಯಾಕೆಂದರೆ ನಾನು ಕೆಟ್ಟಿದ್ದು ಅಲ್ಲೇ. ಶೂ ಡಬ್ಬದ ಒಂದು ಪಕ್ಕದಲ್ಲಿ ತಯಾರಕರ ಲೇಬಲ್ ಇರುತ್ತೆ. ಸೈಜು, ಬಣ್ಣ, ಎಂಆರ್‌ಪಿ, ಗ್ರಾಹಕರ ದೂರಿನ ಫೋನ್ ನಂಬರು, ಜೊತೆಗೆ ತಯಾರಾದ ತಿಂಗಳು ಮತ್ತು ವರ್ಷ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಬಣ್ಣ ಬಿಟ್ಟು ಮಿಕ್ಕಿದ್ದೆಲ್ಲ ಹಾಕಲೇಬೇಕು. ನನ್ನ ಡಬ್ಬದ ಮೇಲೂ ಇತ್ತು. ಆದರೆ ಅದರ ಮೇಲೆ ಅಂಗಡಿಯವರು ಹಳದಿ ಸ್ಟಿಕ್ಕರ್ ಅಂಟಿಸಿದ್ದರು. ದೊಡ್ಡ ಅಕ್ಷರದಲ್ಲಿ 1,499. ನಾನು ಅದನ್ನೇ ನೋಡಿದೆ. ಅದರ ಅಡಿಯಲ್ಲಿ ಏನಿದೆ ಅಂತ ಉಗುರಿನಿಂದ ಎತ್ತಿ ನೋಡಲಿಲ್ಲ. ಹೊಲಿಗೆ ಎಳೆದು ನೋಡಿದೆ, ಒಳಗೆ ಕೈ ಹಾಕಿ ನೋಡಿದೆ, ಹಾಕಿಕೊಂಡು ಅಂಗಡಿ ತುಂಬಾ ಓಡಾಡಿದೆ, ಕೌಂಟರ್‌ನಲ್ಲಿ ನಿಂತು ಇನ್ನೂ ನೂರು ರೂಪಾಯಿ ಬಿಡಿ ಅಂತ ವಾದ ಮಾಡಿದೆ. ವರ್ಷ ಒಂದನ್ನು ಬಿಟ್ಟು ಬೇರೆಲ್ಲ ನೋಡಿದೆ. ಹಾಲಿನ ಪ್ಯಾಕೆಟ್, ಬ್ರೆಡ್ಡು, ಅಂಗನವಾಡಿಗೆ ಬರೋ ಪೌಷ್ಟಿಕ ಆಹಾರದ ಪ್ಯಾಕೆಟ್ ಎಲ್ಲದರ ದಿನಾಂಕ ನೋಡೋದೇ ನನ್ನ ಕೆಲಸ. ಶೂಗೂ ವಯಸ್ಸಾಗುತ್ತೆ ಅನ್ನೋದು ಮಾತ್ರ ತಲೆಗೇ ಬಂದಿರಲಿಲ್ಲ. ಆಮೇಲೆ ಆ ಸ್ಟಿಕ್ಕರ್ ಕಿತ್ತು ನೋಡಿದರೆ, ಶೂ ತಯಾರಾಗಿ ಐದು ವರ್ಷ ದಾಟಿತ್ತು.

ಜೂನ್ ಕೊನೆ. ಚೇರಂಬಾಣೆ ಆ ಕಡೆ ಒಂದು ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ತೂಕ ನೋಡೋಕೆ ಹೋಗಿದ್ದೆ. ಬಸ್ಸಿಳಿದು ಇಳಿಜಾರಿನಲ್ಲಿ ನಡೀಬೇಕು. ಮೊದಲು ಹಿಮ್ಮಡಿಯ ಹತ್ತಿರ ಏನೋ ಮೆತ್ತಗಾದ ಹಾಗಾಯ್ತು. ಕೆಸರು ಅಂಟಿರಬೇಕು ಅಂದುಕೊಂಡೆ. ಹಿಂತಿರುಗಿ ನೋಡಿದರೆ ನಾನು ನಡೆದು ಬಂದ ದಾರಿಯುದ್ದಕ್ಕೂ ಕಪ್ಪು ಚೂರುಗಳು. ಶೂವಿನ ಸೋಲು, ಅಂದರೆ ಅಡಿಯ ಅಟ್ಟೆ, ನೆನೆದ ರಸ್ಕಿನ ಹಾಗೆ ಉದುರುತ್ತಿತ್ತು. ಪಾಚಿ ಕಟ್ಟಿದ ಕಲ್ಲಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಉಳಿದ ಅರ್ಧ ಸೋಲು ಪೂರಾ ಕಳಚಿಕೊಂಡಿತು, ಬಲಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್, ರಜೆ, ಎಡಗೈಯಲ್ಲಿ ರಿಜಿಸ್ಟರ್ ಬರೆಯೋದು. ಅದೇ ವಾರ ಯಜಮಾನರ ಶೂ ತೆಗೆದು ನೋಡಿದರೆ, ಅವರು ಹಾಕಿಯೇ ಇರಲಿಲ್ಲ, ಡಬ್ಬದಲ್ಲಿದ್ದ ಹಾಗೆಯೇ ಸೋಲಿಗೆ ಬಿರುಕು ಬಿದ್ದಿತ್ತು, ಬೆರಳಿನಿಂದ ಒತ್ತಿದರೆ ಪುಡಿ ಕೈಗೆ ಬರ್ತಿತ್ತು.

ಯಾಕೆ ಹೀಗೆ ಅಂತ ಕೇಳಿ ತಿಳಿದುಕೊಂಡೆ. ಮೆತ್ತಗಿರೋ, ಹಗುರವಾದ ಎಷ್ಟೋ ಶೂಗಳ ಸೋಲು ಪಾಲಿಯುರೆಥೇನ್‌ನದ್ದು, ಅಂಗಡಿಯವರು ಪಿಯು ಅಂತಾರೆ. ಗಾಳಿಯಲ್ಲಿರೋ ತೇವ ಅದರೊಳಗೆ ಹೋಗಿ, ಅದನ್ನು ಹಿಡಿದಿಟ್ಟಿರೋ ಕೊಂಡಿಗಳನ್ನೇ ಒಂದೊಂದಾಗಿ ಕಡಿಯುತ್ತೆ. ರಸಾಯನಶಾಸ್ತ್ರದವರು ಇದಕ್ಕೆ ಹೈಡ್ರಾಲಿಸಿಸ್ ಅಂತಾರೆ. ಇದಕ್ಕೆ ನೀವು ಶೂ ಹಾಕಲೇಬೇಕು ಅಂತಿಲ್ಲ. ಗೋಡೌನ್‌ನಲ್ಲಿ ಕೂತಿದ್ದರೂ ನಡೀತಾನೇ ಇರುತ್ತೆ. ಹಾಕಿ ಓಡಾಡಿದ ಶೂಗಿಂತ ಹಾಗೇ ಇಟ್ಟ ಶೂ ಬೇಗ ಹೋಗೋದೂ ಉಂಟು. ಸೆಕೆ, ತೇವ ಜಾಸ್ತಿಯಾದಷ್ಟೂ ಬೇಗ. ಬಯಲುಸೀಮೆಯ ಒಣ ಹವೆಯಲ್ಲಿ ಇನ್ನೆರಡು ವರ್ಷ ತಳ್ಳಬಹುದಾಗಿದ್ದ ಸೋಲು ಇಲ್ಲಿ ಒಂದು ಮಳೆಗಾಲಕ್ಕೆ ಕೈಕೊಡುತ್ತೆ. ಔಟ್‌ಲೆಟ್‌ಗೆ ಬರೋ ಮಾಲಿನಲ್ಲಿ ಒಂದು ಪಾಲು ಶೋರೂಮಿನಲ್ಲಿ ಮಾರಾಟವಾಗದೆ ಉಳಿದ ಹಳೇ ಸ್ಟಾಕು. ಇನ್ನೊಂದು ಪಾಲು ಶೋರೂಮ್ ಮುಖವನ್ನೇ ನೋಡದೆ, ಔಟ್‌ಲೆಟ್‌ಗೆಂದೇ ಕಡಿಮೆ ದರ್ಜೆಯ ಸಾಮಗ್ರಿಯಲ್ಲಿ ತಯಾರಾದದ್ದು. ಮೊದಲನೆಯದರಲ್ಲಿ ವಯಸ್ಸಿನ ತೊಂದರೆ. ಎರಡನೆಯದರಲ್ಲಿ ಆ ಹೊಡೆದುಹಾಕಿದ ಎಂಆರ್‌ಪಿಗೆ ಅರ್ಥವೇ ಇಲ್ಲ, ಆ ಬೆಲೆಗೆ ಅದನ್ನು ಎಲ್ಲೂ ಮಾರಿರೋದೇ ಇಲ್ಲ.

ಅಂಗಡಿಗೆ ಫೋನ್ ಮಾಡಿದೆ. 'ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ, ಬಿಲ್ಲಿನಲ್ಲೇ ಇದೆ' ಅಂದರು. ಇದು ನಿಮಗೂ ಉಪಯೋಗಕ್ಕೆ ಬರುತ್ತೆ, ಗಮನವಿಟ್ಟು ಓದಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರೋ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳದಿರೋದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರೋದೂ ಅದೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ದಾಖಲಾಗುತ್ತೆ. ಇನ್ನೊಂದು, ಬೆಲೆ ಇಳಿಸಿದ ಸ್ಟಿಕ್ಕರ್ ಹಾಕಬಹುದು, ಆದರೆ ಅದು ತಯಾರಕರು ಹಾಕಿದ ಎಂಆರ್‌ಪಿಯನ್ನು ಮುಚ್ಚಬಾರದು ಅಂತ ನಿಯಮವಿದೆ. ನನ್ನ ವಿಷಯದಲ್ಲಿ ತಗೊಂಡಿದ್ದು ಯುಗಾದಿಗೆ, ಡಬ್ಬ ತೆಗೆದಿದ್ದು ಜೂನ್‌ಗೆ. 30 ದಿನ ಯಾವತ್ತೋ ದಾಟಿತ್ತು. ವರ್ಗದ ಗಡಿಬಿಡಿಯಲ್ಲಿ ಮೊದಲೇ ತಂದು ಕಟ್ಟಿಡೋರು ಎಲ್ಲರೂ ಹೀಗೇ ಸಿಕ್ಕಿಕೊಳ್ಳೋದು. ನೀವೂ ಈಗ ತಂದು ಜೂನ್‌ನಲ್ಲಿ ತೆಗೀತೀನಿ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಎಲ್ಲಿ ಜಾಸ್ತಿ ಡಿಸ್ಕೌಂಟ್ ಅಂತ ಕೇಳಿದ್ದೀರಿ. ಆ ಲೆಕ್ಕವನ್ನೇ ಬಿಡಿ. ಕೊಡಗಿನ ಮಳೆಗೆ ತಗೊಳ್ಳೋ ಸಾಮಾನಿನಲ್ಲಿ ಎಷ್ಟು ಕಡಿತ ಅನ್ನೋದು ಮುಖ್ಯವೇ ಅಲ್ಲ, ಯಾವತ್ತು ತಯಾರಾಗಿದ್ದು ಅನ್ನೋದು ಮುಖ್ಯ. ಮೊನ್ನೆ ತಯಾರಾದ 400 ರೂಪಾಯಿಯ ಗಂಬೂಟು ಐದು ವರ್ಷ ಹಳೆಯದಾದ 5,000ದ ಶೂಗಿಂತ ಸಾವಿರ ಪಾಲು ಮೇಲು.

ಈ ಗಂಬೂಟಿನ ಬುದ್ಧಿ ಹೇಳಿಕೊಟ್ಟವರು ನಮ್ಮ ಮನೆ ಓನರ್ ಆಂಟಿ. ಪ್ಲಾಸ್ಟರ್ ಕೈ ನೋಡಿ, 'ಏನಮ್ಮಾ, ಈ ಮಳೆಗೆ ಶೂ ಹಾಕ್ಕೊಂಡು ತೋಟಕ್ಕೆ ಯಾರು ಹೋಗ್ತಾರೆ? ಶುಕ್ರವಾರ ಬಾ ನನ್ನ ಜೊತೆ' ಅಂದರು. ಮಡಿಕೇರಿ ಸಂತೆ ಶುಕ್ರವಾರ. ಕುಶಾಲನಗರದ್ದು ಮಂಗಳವಾರ, ಶನಿವಾರಸಂತೆಯದ್ದು ಹೆಸರಲ್ಲೇ ಇದೆ. ವ್ಯಾಪಾರಿಗಳಲ್ಲಿ ಎಷ್ಟೋ ಜನ ಒಂದೊಂದು ದಿನ ಒಂದೊಂದು ಊರಿನ ಸಂತೆಗೆ ಹೋಗೋರು. ಮಾಲು ಓಡ್ತಾ ಇರುತ್ತೆ, ವರ್ಷಗಟ್ಟಲೆ ಕೂರಲ್ಲ. ಅದಕ್ಕಿಂತ ಮುಖ್ಯ, ಮುಂದಿನ ವಾರ ಅದೇ ಟಾರ್ಪಾಲಿನ ಕೆಳಗೆ ಅದೇ ಮನುಷ್ಯ ಕೂತಿರ್ತಾನೆ. ಬಿಲ್ ಇಲ್ಲ, ಆದರೆ ಮುಖ ಪರಿಚಯ ಇದೆ.

ಪಿರಿಯಾಪಟ್ಟಣದ ಕಡೆಯ ಒಬ್ಬರ ಹತ್ತಿರ ಆಂಟಿ ನಿಂತರು. ರಾಶಿಯಿಂದ ಒಂದು ಗಂಬೂಟು ಎತ್ತಿ, ಬೆರಳು ಮಡಚೋ ಜಾಗದಲ್ಲಿ ಎರಡೂ ಕೈಯಿಂದ ಬಗ್ಗಿಸಿದರು. ಬಗ್ಗಿದ ಕಡೆ ಬಿಳಿ ಗೆರೆ ಮೂಡಿತು. ಪಕ್ಕಕ್ಕಿಟ್ಟರು. ಇನ್ನೊಂದು ಎತ್ತಿ ಬಗ್ಗಿಸಿದರು, ಗೆರೆ ಬರಲಿಲ್ಲ, ಬಿಟ್ಟ ಕೂಡಲೇ ನೆಟ್ಟಗಾಯಿತು. 'ಅಕ್ಕಂಗೆ ಗೊತ್ತು' ಅಂತ ವ್ಯಾಪಾರಿಯೇ ನಕ್ಕರು. ಆಮೇಲೆ ಸೋಲಿನ ಅಚ್ಚು ಎಷ್ಟು ಆಳ ಇದೆ ಅಂತ ಬೆರಳಿಟ್ಟು ನೋಡಿದರು. ಒಳಗೆ ದಪ್ಪ ಬಟ್ಟೆ ಹೊಲಿದಿರೋದು ಬೇಡ ಅಂದರು, ಒಮ್ಮೆ ನೀರು ತುಂಬಿದರೆ ಇಲ್ಲಿನ ಹವೆಗೆ ಒಣಗೋದೇ ಇಲ್ಲ. ಒಂದು ಸೈಜು ದೊಡ್ಡದು, ಒಳಗೆ ಉದ್ದನೆ ದಪ್ಪ ಕಾಲುಚೀಲ. ಕಾಲುಚೀಲದೊಳಕ್ಕೆ ಪ್ಯಾಂಟ್ ತುರುಕಿದರೆ ಜಿಗಣೆ ಒಳಗೆ ಹೋಗೋದು ಕಡಿಮೆ. ಚೀಟಿಯಲ್ಲಿ ಒಂದಿಷ್ಟು ಉಪ್ಪು ಇಟ್ಟುಕೊಳ್ಳಿ, ಹತ್ತಿದ್ದಕ್ಕೆ ಉದುರಿಸಿದರೆ ತಾನಾಗಿ ಬೀಳುತ್ತೆ.

ಚೌಕಾಸಿ ಬಗ್ಗೆ ಹೇಳಬೇಕೆಂದರೆ, ಬೆಳಿಗ್ಗೆ ಹೋದರೆ ಸೈಜು ಸಿಗುತ್ತೆ, ಸಂಜೆ ಹೋದರೆ ಬೆಲೆ ಸಿಗುತ್ತೆ. ಮಕ್ಕಳ ಸೈಜು ಬೆಳಿಗ್ಗೆ ತಗೊಳ್ಳಿ, ಛತ್ರಿ, ಟಾರ್ಪಾಲು, ಬಕೆಟ್ಟು ಸಂಜೆ ತಗೊಳ್ಳಿ. ಮಳೆಯಲ್ಲಿ ನೆನೆದು ಕೂತಿರೋರ ಹತ್ತಿರ ಇಪ್ಪತ್ತು ರೂಪಾಯಿಗೆ ಕಾಲು ಗಂಟೆ ಜಗ್ಗಾಡೋದು ನನಗೆ ಸರಿ ಕಾಣಲ್ಲ. ಹಾಗೆ ಜಗ್ಗಾಡೋ ಜನವೇ ದೊಡ್ಡ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಬರ್ತಾರೆ. ಛತ್ರಿ ಮಡಚೋದು ಬೇಡ. ಉದ್ದದ್ದು, ಮರದ ಅಥವಾ ಗಟ್ಟಿ ಕಬ್ಬಿಣದ ಕೋಲಿನದ್ದು, ಬಿಚ್ಚಿ ಕಡ್ಡಿಗಳ ಕೀಲು ಅಲ್ಲಾಡಿಸಿ ನೋಡಿ ತಗೊಳ್ಳಿ. ಜುಲೈ ಗಾಳಿಗೆ ಮೂರು ಮಡಿಕೆಯ ಛತ್ರಿ ನಿಲ್ಲಲ್ಲ.

ಜಾಕೆಟ್ ಔಟ್‌ಲೆಟ್‌ನಲ್ಲಿ ತಗೊಳ್ಳಲೇಬೇಕು ಅಂತಿದ್ದರೆ ಒಳಮಗ್ಗುಲು ತಿರುಗಿಸಿ. ನೀರು ತಡೆಯೋ ಲೇಪನ ಎಷ್ಟೋ ಜಾಕೆಟ್‌ಗಳಲ್ಲಿ ಅದೇ ಪಾಲಿಯುರೆಥೇನ್. ಹಳೆಯದಾದರೆ ಅದೂ ಕೊಳೆಯುತ್ತೆ. ಅಂಗೈಯಿಂದ ಉಜ್ಜಿದಾಗ ಅಂಟಂಟಾದರೆ, ಬಿಳಿ ಹೊಟ್ಟು ಎದ್ದರೆ, ಹುಳಿ ವಾಸನೆ ಬಂದರೆ ಅಲ್ಲೇ ನೇತುಹಾಕಿ ಬನ್ನಿ. ಹೊಲಿಗೆಗಳ ಮೇಲೆ ಒಳಗಡೆಯಿಂದ ಟೇಪ್ ಇದೆಯಾ, ಅದರ ಅಂಚು ಎದ್ದಿದೆಯಾ ನೋಡಿ. ಟೇಪ್ ಇಲ್ಲದ ಜಾಕೆಟ್ ಬೆಂಗಳೂರಿನ ತುಂತುರಿಗೆ ಸರಿ, ಇಲ್ಲಿ ಹತ್ತು ನಿಮಿಷಕ್ಕೆ ಭುಜದ ಹೊಲಿಗೆಯಿಂದ ನೀರು ಒಳಗಿಳಿಯುತ್ತೆ. ಮಕ್ಕಳಿಗಂತೂ ಜಾಕೆಟ್ ಬೇಡವೇ ಬೇಡ. ಬ್ಯಾಗೂ ಸೇರಿ ಮುಚ್ಚೋ ಉದ್ದನೆ ರೈನ್‌ಕೋಟ್ ಇಲ್ಲೇ ಅಂಗಡಿಗಳಲ್ಲಿ ಮೇ ತಿಂಗಳಿಂದಲೇ ನೇತುಹಾಕಿರ್ತಾರೆ.

ಸ್ವೆಟರ್‌ಗೆ ಎಲ್ಲರೂ ಬೈಲಕುಪ್ಪೆ ಅಂತಾರೆ. ಕುಶಾಲನಗರದಿಂದ ಕಾವೇರಿ ದಾಟಿದರೆ ಸಿಗುವ, 1961ರಲ್ಲಿ ಶುರುವಾದ ಟಿಬೆಟಿಯನ್ನರ ವಸತಿ ಅದು, ಮೈಸೂರು ಜಿಲ್ಲೆಗೆ ಸೇರಿದ್ದು. ಚೆನ್ನಾಗಿರೋದು ಸಿಗುತ್ತೆ. ಆದರೆ ಟಿಬೆಟಿಯನ್ನರು ಮಾರೋ ಸ್ವೆಟರ್‌ಗಳಲ್ಲಿ ಬಹಳಷ್ಟು ಲೂಧಿಯಾನದ ಮಿಲ್ಲಿನ ಮಾಲು, ಕೈಯಲ್ಲಿ ಹೆಣೆದದ್ದು ಅಂದುಕೊಂಡು ಜಾಸ್ತಿ ಕೊಡಬೇಡಿ. ಉಣ್ಣೆಯಾ ಅಂತ ಅನುಮಾನ ಬಂದರೆ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತೆ. ನನ್ನ ಅಭಿಪ್ರಾಯ ಕೇಳಿದರೆ ಮಕ್ಕಳಿಗೆ ಅಕ್ರಿಲಿಕ್ಕೇ ಸರಿ. ಇಲ್ಲಿ ಚಳಿಗಿಂತ ದೊಡ್ಡ ಕಷ್ಟ ಬಟ್ಟೆ ಒಣಗಿಸೋದು, ಉಣ್ಣೆ ನೆನೆದರೆ ದಿನಗಟ್ಟಲೆ ಒದ್ದೆಯಾಗೇ ಇರುತ್ತೆ.

ಹಾಗಾದರೆ ಔಟ್‌ಲೆಟ್‌ಗೆ ಹೋಗಲೇಬಾರದಾ? ಹೋಗಿ. ಹತ್ತಿ ಬಟ್ಟೆ, ಪ್ಯಾಂಟು, ಬೆಡ್‌ಶೀಟು, ಟವೆಲು, ಒಳಉಡುಪು ಧಾರಾಳವಾಗಿ ತಗೊಳ್ಳಿ. ಲೇಬಲ್ ಕತ್ತರಿಸಿದ ಎಕ್ಸ್‌ಪೋರ್ಟ್ ಸರ್‌ಪ್ಲಸ್ (ರಫ್ತಿಗೆಂದು ತಯಾರಾಗಿ ಉಳಿದ ಮಾಲು) ಆದರೂ ಪರವಾಗಿಲ್ಲ, ಗುಂಡಿ, ಜಿಪ್ಪು ನೋಡಿಕೊಳ್ಳಿ. ಒಣಗೋದು ತಡವಾಗೋದರಿಂದ ಇವೆಲ್ಲ ಬೇರೆ ಕಡೆಗಿಂತ ಒಂದೂವರೆ ಪಟ್ಟು ಬೇಕಾಗುತ್ತೆ, ಅಲ್ಲಿ ಉಳಿತಾಯ ನಿಜವಾಗಿಯೂ ಸಿಗುತ್ತೆ. ಲೆದರ್ ಬ್ಯಾಗು, ಬೆಲ್ಟು ಬೇಡ, ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿಯುತ್ತೆ. ಆಫೀಸಿಗೆ ಶೂ ಬೇಕೇ ಬೇಕಾದರೆ ಅದೇ ವರ್ಷ ತಯಾರಾದದ್ದು, ರಬ್ಬರ್ ಸೋಲಿನದ್ದು. ಸ್ಟಿಕ್ಕರ್ ಇದ್ದರೆ ಅಂಗಡಿಯವರ ಕೈಯಲ್ಲೇ ಕೀಳಿಸಿ ವರ್ಷ ಓದಿ. ಕೀಳಲ್ಲ ಅಂದರೆ ಆ ಶೂ ಬೇಡ.

ನೀವು ಮೈಸೂರು ರಸ್ತೆಯಲ್ಲಿ ಬರೋದಾದರೆ ಸಾಮಾನಿನ ಲಾರಿ ಮುಂದೆ ಕಳಿಸಿ, ನೀವು ಮಂಗಳವಾರಕ್ಕೆ ಹೊಂದಿಸಿಕೊಳ್ಳಿ. ಕುಶಾಲನಗರದಲ್ಲಿ ಇಳಿದು ನಾಲ್ಕು ಜೊತೆ ಗಂಬೂಟು, ಎರಡು ಉದ್ದನೆ ಛತ್ರಿ, ಬಟ್ಟೆ ಒಣಗಿಸೋಕೆ ನೈಲಾನ್ ಹಗ್ಗ ತಗೊಂಡು ಮಡಿಕೇರಿ ಕಡೆ ಹತ್ತಿ. ಮಕ್ಕಳ ಕಾಲಿನ ಅಳತೆಯನ್ನು ಮೊದಲೇ ಒಂದು ಹಾಳೆ ಮೇಲೆ ಗೆರೆ ಎಳೆದು ಇಟ್ಟುಕೊಂಡಿರಿ, ಬಸ್ಸಿನಲ್ಲಿ ನಿದ್ದೆ ಹೋದ ಮಕ್ಕಳನ್ನು ಎಬ್ಬಿಸಿ ಸಂತೆಗೆ ಎಳೆದುಕೊಂಡು ಹೋಗೋದು ತಪ್ಪುತ್ತೆ.