ಇಡೀ ಸ್ತನ ತೆಗೆಸಬೇಕಾ, ಗಡ್ಡೆ ಮಾತ್ರ ತೆಗೆದರೆ ಸಾಕಾ?

ಪ್ರಶ್ನೆ: ಡಾಕ್ಟರೇ, ನನ್ನ ಅತ್ತಿಗೆಗೆ 47 ವರ್ಷ. ಎಡ ಸ್ತನದಲ್ಲಿ ಗಡ್ಡೆ ಇದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕು ಅಂತ ಮುಂಬೈನ ಪರೇಲ್‌ನ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಊರಿನ ಹಿರಿಯರು ದಿನಾ ಫೋನ್ ಮಾಡಿ 'ಬೇರು ಉಳಿದರೆ ಮತ್ತೆ ಚಿಗುರುತ್ತೆ, ಪೂರ್ತಿ ತೆಗೆಸಿಬಿಡಿ' ಅಂತಿದ್ದಾರೆ. ಗಡ್ಡೆ ಮಾತ್ರ ಸಾಕು ಅಂತ ಯಾರು ಕಂಡುಹಿಡಿದರು? ನಂಬಬಹುದಾ?
— ಓದುಗರು, ಡೊಂಬಿವಲಿ

ಉತ್ತರ: ನಂಬಬಹುದು ತಂಗಿ. ಹಿರಿಯರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಹೇಳುವುದನ್ನೇ ಸರ್ಜನ್‌ಗಳೂ ಸುಮಾರು 80 ವರ್ಷ ನಂಬಿದ್ದರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಹಾಕಿಕೊಟ್ಟ ದಾರಿ ಅದು. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗಂಟುಗಳು (ದುಗ್ಧಗ್ರಂಥಿಗಳು), ಎಲ್ಲವನ್ನೂ ಒಟ್ಟಿಗೆ ತೆಗೆಯುವುದು.

ಮಾಟುಂಗದಲ್ಲಿದ್ದ ನಮ್ಮ ದೊಡ್ಡಮ್ಮನಿಗೆ ಆ ಆಪರೇಷನ್ ಆಗಿತ್ತು. ಬಲಗೈ ಊದಿಕೊಂಡೇ ಇರುತ್ತಿತ್ತು, ಅದಕ್ಕೆ ರವಿಕೆಯ ಬಲತೋಳನ್ನು ಮಾತ್ರ ಬಿಚ್ಚಿ ಬೇರೆ ಬಟ್ಟೆ ಸೇರಿಸಿ ಹೊಲಿದುಕೊಳ್ಳುತ್ತಿದ್ದರು. ಹೂ ಮುಡಿಯಲು ಆ ಕೈ ಮೇಲೆ ಹೋಗುತ್ತಿರಲಿಲ್ಲ. ನಾನು ಮುಡಿಸುತ್ತಿದ್ದೆ.

ಇಷ್ಟೆಲ್ಲ ಕತ್ತರಿಸಬೇಕಾ ಅಂತ ಗಟ್ಟಿಯಾಗಿ ಕೇಳಿದವರಲ್ಲಿ ದೊಡ್ಡ ಹೆಸರು ಬರ್ನಾರ್ಡ್ ಫಿಶರ್. ಪಿಟ್ಸ್‌ಬರ್ಗ್‌ನ ಸರ್ಜನ್, 1918ರಲ್ಲಿ ಹುಟ್ಟಿದವರು. ಕತ್ತಿ ಹಿಡಿಯುವ ಮನುಷ್ಯ ಪ್ರಯೋಗಾಲಯದಲ್ಲಿ ಕೂತು, ಕ್ಯಾನ್ಸರ್ ಕಣ ಮೈಯಲ್ಲಿ ಹೇಗೆ ಓಡಾಡುತ್ತದೆ ಅಂತ ಪ್ರಾಣಿಗಳಲ್ಲಿ ನೋಡುತ್ತಾ ಹೋದರು. ಅದು ಬೇರಿನ ಹಾಗೆ ಪಕ್ಕಪಕ್ಕಕ್ಕೆ ಹರಡಿ ಕಂಕುಳಿನ ಗಂಟಲ್ಲಿ ತಡೆದು ನಿಲ್ಲುವುದಿಲ್ಲ, ಗಂಟನ್ನು ದಾಟಿ ರಕ್ತಕ್ಕೂ ಸೇರುತ್ತದೆ ಅಂತ ಕಂಡಿತು. ಹಾಗೆ ಮೊದಲೇ ರಕ್ತಕ್ಕೆ ಸೇರಿದ್ದರೆ ಎದೆಯನ್ನು ಎಷ್ಟು ಕೊರೆದರೂ ಏನು ಬಂತು? ಅದಕ್ಕೆ ಮೈಗೆಲ್ಲ ತಲುಪುವ ಔಷಧಿ ಬೇಕು.

ಇದನ್ನು ಬಾಯಿಮಾತಲ್ಲಿ ಹೇಳಿದರೆ ಯಾರೂ ಒಪ್ಪುವಂತಿರಲಿಲ್ಲ. 1971ರಲ್ಲಿ ಒಂದು ದೊಡ್ಡ ಪರೀಕ್ಷೆ ಶುರು ಮಾಡಿದರು, ಹಾಲ್‌ಸ್ಟೆಡ್ ಆಪರೇಷನ್ ಒಂದು ಕಡೆ, ಸ್ನಾಯು ಮುಟ್ಟದೆ ಸ್ತನ ಮಾತ್ರ ತೆಗೆಯುವುದು ಇನ್ನೊಂದು ಕಡೆ. 25 ವರ್ಷ ನೋಡಿದರೂ ಬದುಕುಳಿದವರ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಅತ್ತಿಗೆಗೆ ಬೇಕಾದ ಉತ್ತರ ಸಿಕ್ಕಿದ್ದು 1976ರಲ್ಲಿ ಶುರುವಾದ ಎರಡನೆಯದರಲ್ಲಿ. 4 ಸೆಂಟಿಮೀಟರ್ ಒಳಗಿನ ಗಡ್ಡೆ ಇದ್ದವರಲ್ಲಿ ಕೆಲವರಿಗೆ ಇಡೀ ಸ್ತನ ತೆಗೆದರು, ಕೆಲವರಿಗೆ ಗಡ್ಡೆ ಮಾತ್ರ, ಕೆಲವರಿಗೆ ಗಡ್ಡೆ ತೆಗೆದು ರೇಡಿಯೇಷನ್. ಯಾರಿಗೆ ಯಾವುದು ಅಂತ ಡಾಕ್ಟರ್ ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಬರುತ್ತದೆ. ಸುಮ್ನೆ ಯೋಚಿಸಿ ನೋಡಿ, ಕ್ಯಾನ್ಸರ್ ಅಂತ ಕೇಳಿ ಎದೆ ಒಡೆದುಕೊಂಡ ಹೆಣ್ಣುಮಗಳು ಅದಕ್ಕೆ ಹೂಂ ಅನ್ನಬೇಕು. 1,800ಕ್ಕೂ ಹೆಚ್ಚು ಮಂದಿ ಹೂಂ ಅಂದರು. ಫಿಶರ್ ಹೆಸರಿನ ಜೊತೆ ನನಗೆ ಯಾವಾಗಲೂ ಅವರೇ ನೆನಪಾಗುವುದು.

20 ವರ್ಷದ ಲೆಕ್ಕ ಇದು: ಬದುಕುಳಿಯುವ ವಿಷಯದಲ್ಲಿ ಮೂರೂ ಗುಂಪು ಒಂದೇ. ಆದರೆ ಗಡ್ಡೆ ತೆಗೆದು ರೇಡಿಯೇಷನ್ ಕೊಡದವರಲ್ಲಿ ಅದೇ ಸ್ತನದಲ್ಲಿ 100ಕ್ಕೆ ಸುಮಾರು 39 ಮಂದಿಗೆ ಮತ್ತೆ ಕ್ಯಾನ್ಸರ್ ಬಂತು, ಕೊಟ್ಟವರಲ್ಲಿ ಸುಮಾರು 14 ಮಂದಿಗೆ. ಹಿರಿಯರ 'ಮತ್ತೆ ಚಿಗುರುತ್ತೆ' ಅನ್ನುವ ಭಯಕ್ಕೆ ಉತ್ತರ ರೇಡಿಯೇಷನ್ನೇ ಅಲ್ವಾ. ನಡುವೆ ಈ ಪರೀಕ್ಷೆಯಲ್ಲಿ ಕೈಜೋಡಿಸಿದ್ದ ಮಾಂಟ್ರಿಯಲ್‌ನ ಒಬ್ಬ ಸರ್ಜನ್ ಸುಳ್ಳು ದಾಖಲೆ ಕೊಟ್ಟದ್ದು ಹೊರಬಿದ್ದು, 1994ರಲ್ಲಿ ಫಿಶರ್ ಅವರನ್ನೇ ಪರೀಕ್ಷೆ ನಡೆಸುವ ತಂಡದ ಮುಖ್ಯಸ್ಥನ ಸ್ಥಾನದಿಂದ ಇಳಿಸಿದ್ದರು. ಆ ದಾಖಲೆಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಉತ್ತರ ಬದಲಾಗಲಿಲ್ಲ. ಇಳಿಸಿದವರೇ ಆಮೇಲೆ ಫಿಶರ್ ಅವರ ಕ್ಷಮೆಯನ್ನೂ ಕೇಳಿದರು.

ನಮ್ಮ ಪರೇಲ್‌ನಲ್ಲೂ ಇಂಥ ಕೆಲಸ ಆಗಿದೆ. ಟಾಟಾ ಮೆಮೋರಿಯಲ್‌ನ ಸರ್ಜನ್ ಡಾ. ರಾಜೇಂದ್ರ ಬಡ್ವೆ ಮತ್ತು ಜೊತೆಗಾರರು, ಗಡ್ಡೆ ತೆಗೆಯುವ ಮೊದಲು ಅದರ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿ ನೋಡಿದರು. ತೀರಾ ಅಗ್ಗದ ಔಷಧಿ. ಸುಮಾರು 1,600 ಮಹಿಳೆಯರಲ್ಲಿ ನೋಡಿದ ಫಲಿತಾಂಶ 2023ರಲ್ಲಿ ಬಂತು: 5 ವರ್ಷಕ್ಕೆ ಇಂಜೆಕ್ಷನ್ ಪಡೆದವರಲ್ಲಿ 100ಕ್ಕೆ 90 ಮಂದಿ, ಪಡೆಯದವರಲ್ಲಿ 86 ಮಂದಿ ಬದುಕಿದ್ದರು. ಅತ್ತಿಗೆಯ ಸರ್ಜನ್ ಹತ್ತಿರ ಈ ಬಗ್ಗೆ ಕೇಳಿ.

ಗಡ್ಡೆ ತುಂಬ ದೊಡ್ಡದಿದ್ದರೆ, ಒಂದೇ ಸ್ತನದಲ್ಲಿ ಹಲವು ಕಡೆ ಇದ್ದರೆ, ರೇಡಿಯೇಷನ್ ಕೊಡಲಾಗದಿದ್ದರೆ ಪೂರ್ತಿ ತೆಗೆಯಲು ಹೇಳುತ್ತಾರೆ. ಅತ್ತಿಗೆಗೆ ಹಾಗೆ ಹೇಳಿಲ್ಲವಲ್ಲ. ರೇಡಿಯೇಷನ್‌ಗೆ ವಾರಕ್ಕೆ 5 ದಿನದಂತೆ ಕೆಲವು ವಾರ ಡೊಂಬಿವಲಿಯಿಂದ ಓಡಾಡಬೇಕಾಗುತ್ತದೆ. ಲೋಕಲ್‌ನಲ್ಲಿ ರಶ್ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಕೊಡಿ ಅಂತ ಮೊದಲೇ ಕೇಳಿಕೊಳ್ಳಿ, ಜೊತೆಗೆ ಮನೆಯವರೊಬ್ಬರು ಹೋಗಿ, ಒಂದು ದಿನವೂ ತಪ್ಪಿಸಬೇಡಿ.