ಟೆಂಪರರಿ ಫೈಲ್ಸ್ ಡಿಲೀಟ್ ಮಾಡಿದ್ಮೇಲೆ ಬ್ರೌಸರ್ ಯಾಕೆ ಹಿಂಗಾಡ್ತಿದೆ?

ಪ್ರಶ್ನೆ: ನಮಸ್ತೆ ಸರ್, ನಾನು ನಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ಒಂದು ಚಿಕ್ಕ ಸೈಬರ್ ಸೆಂಟರ್ ನಡೆಸ್ತೀನಿ, ಪಹಣಿ ಪ್ರಿಂಟು, ಜಾತಿ ಆದಾಯ ಸರ್ಟಿಫಿಕೇಟು, ಸ್ಕಾಲರ್‌ಶಿಪ್ ಅರ್ಜಿ ಇಂಥವೇ ಕೆಲಸ. ಕಂಪ್ಯೂಟರ್ ತುಂಬ ಸ್ಲೋ ಆಗಿತ್ತು, ಟೆಂಪರರಿ ಫೈಲ್ಸ್ ತೆಗೀರಿ ಸರಿ ಹೋಗತ್ತೆ ಅಂತ ಯಾರೋ ಹೇಳಿದ್ರು, ಕ್ರೋಮಲ್ಲಿ ಇದ್ದಬದ್ದ ಟಿಕ್ ಎಲ್ಲಾ ಹಾಕಿ ‘ಆಲ್ ಟೈಮ್’ ಕೊಟ್ಟು ಡಿಲೀಟ್ ಮಾಡ್ದೆ. ಈಗ ಎಲ್ಲಾ ಕಡೆ ಲಾಗೌಟ್ ಆಗಿದೆ, ಪಾಸ್‌ವರ್ಡ್ ಒಂದೂ ಇಲ್ಲ, ಪ್ರಿಂಟ್ ಒತ್ತಿದ್ರೆ ಏನೂ ಓಪನ್ ಆಗಲ್ಲ, ಒಂದು ಸೈಟಂತೂ ಲಾಗಿನ್ ಆದ್ರೂ ತಿರುಗಿ ಲಾಗಿನ್ ಪೇಜಿಗೇ ಬರತ್ತೆ. ಕ್ರೋಮ್ ತೆಗೆದು ಮತ್ತೆ ಹಾಕಿದೆ, ಏನೂ ಬದಲಾಗಿಲ್ಲ. ವಿಂಡೋಸೇ ಹೊಸದಾಗಿ ಹಾಕಿಸ್ಬೇಕಾ?

ಉತ್ತರ: ಬೇಡ ಮೇಡಂ, ದಯವಿಟ್ಟು ವಿಂಡೋಸ್ ಮುಟ್ಬೇಡಿ. ನಿಮ್ಮ ಕಂಪ್ಯೂಟರಲ್ಲಿ ಏನೂ ಕೆಟ್ಟಿಲ್ಲ, ಟೆಂಪರರಿ ಫೈಲ್ ಜೊತೆ ಟೆಂಪರರಿ ಅಲ್ಲದ್ದೂ ಹೋಗಿದೆ ಅಷ್ಟೇ. ಕ್ರೋಮ್ ತೆಗೆದು ಹಾಕಿದ್ರೂ ಯಾಕೆ ಹಂಗೇ ಇತ್ತು ಅಂದ್ರೆ, ಅನ್‌ಇನ್‌ಸ್ಟಾಲ್ ಮಾಡುವಾಗ ಬ್ರೌಸಿಂಗ್ ಡೇಟಾ ಕೂಡ ಅಳಿಸ್ಲಾ ಅಂತ ಅದು ಕೇಳತ್ತೆ, ಅಲ್ಲಿ ಟಿಕ್ ಹಾಕ್ಲಿಲ್ಲ ಅಂದ್ರೆ ನಿಮ್ಮ ಪ್ರೊಫೈಲ್ ಫೋಲ್ಡರ್, ಅಂದ್ರೆ ನಿಮ್ಮ ಸೆಟ್ಟಿಂಗ್ಸ್ ಎಲ್ಲಾ ಇರೋ ಫೋಲ್ಡರ್, ಇದ್ದಲ್ಲೇ ಇರತ್ತೆ, ಹೊಸ ಕ್ರೋಮ್ ಬಂದು ಅದನ್ನೇ ಎತ್ಕೊಳ್ಳತ್ತೆ.

ಗಿರಾಕಿಗಳು ಕಾಯ್ತಿರ್ತಾರೆ, ಮೊದಲು ಪ್ರಿಂಟ್ ವಿಷಯ ನೋಡೋಣ. ಪಹಣಿ, ರಸೀದಿ ಇವೆಲ್ಲ ಸಾಮಾನ್ಯವಾಗಿ ಬೇರೆ ಕಿಟಕೀಲಿ, ಅಂದ್ರೆ ಪಾಪ್‌ಅಪ್ ಆಗಿ ಬರೋವು. ಯಾವತ್ತೋ ಒಂದಿನ ನೀವು ಆ ಸೈಟಿಗೆ ಪಾಪ್‌ಅಪ್ ಅಲೋ ಅಂತ ಕೊಟ್ಟಿರ್ತೀರ, ಮರ್ತೂ ಹೋಗಿರ್ತೀರ, ‘ಸೈಟ್ ಸೆಟ್ಟಿಂಗ್ಸ್’ ಅಂತ ಇದ್ದ ಟಿಕ್ ಆ ಅನುಮತೀನ ಅಳಿಸಿದೆ. ಈಗ ಒಂದ್ಸಲ ಪ್ರಿಂಟ್ ಒತ್ತಿ, ಒತ್ತಿದ ತಕ್ಷಣ ಅಡ್ರೆಸ್ ಬಾರಿನ ಬಲಗಡೆ ತುದೀಲಿ ನೋಡಿ, ಸ್ಟಾರ್ ಗುರುತಿನ ಹತ್ರ ಒಂದು ಪುಟ್ಟ ಕಿಟಕಿ ಚಿತ್ರ, ಅದರ ಮೂಲೇಲಿ ಕೆಂಪು ಇಂಟು ಗುರುತು ಕಾಣತ್ತೆ. ಎಷ್ಟು ಸಣ್ಣದು ಅಂದ್ರೆ ಕೀಬೋರ್ಡ್ ನೋಡ್ಕೊಂಡು ಕೆಲಸ ಮಾಡೋರಿಗೆ ಕಾಣೋದೇ ಇಲ್ಲ. ಅದನ್ನ ಕ್ಲಿಕ್ ಮಾಡಿ ‘ಆಲ್ವೇಸ್ ಅಲೋ’ ಆರಿಸಿ ಡನ್ ಕೊಡಿ, ಆಮೇಲೆ ಮತ್ತೆ ಪ್ರಿಂಟ್ ಒತ್ತಿ. ನಿಮಗೆ ಗೊತ್ತಿರೋ ಕೆಲಸದ ಸೈಟಿಗೆ ಮಾತ್ರ ಇದನ್ನ ಕೊಡಿ, ಕಂಡಕಂಡದ್ದಕ್ಕೆಲ್ಲ ಬೇಡ.

ಲಾಗೌಟ್ ಆಗಿರೋದು ಕುಕಿ, ಅಂದ್ರೆ ಸೈಟ್‌ಗಳು ನಿಮ್ಮ ಬ್ರೌಸರಲ್ಲಿ ಇಡೋ ಪುಟ್ಟ ಗುರುತು, ಹೋಗಿದ್ರಿಂದ. ಲಾಗಿನ್ ಆದಾಗ ಸೈಟ್ ನಿಮಗೊಂದು ಟೋಕನ್ ಕೊಟ್ಟಿರತ್ತೆ, ಆಸ್ಪತ್ರೇಲಿ ಕೊಡೋ ಚೀಟಿ ಥರ, ಅದು ಕೈಲಿಲ್ಲ ಅಂದ್ರೆ ಮತ್ತೆ ಮೊದಲಿಂದ ಸಾಲಲ್ಲಿ ನಿಲ್ಬೇಕು. ಒಂದೊಂದು ಸಲ ಲಾಗಿನ್ ಆದ್ರೆ ಮುಗೀತು.

ಪಾಸ್‌ವರ್ಡ್ ವಿಷಯ ಮಾತ್ರ ನನಗೂ ಬೇಜಾರಾಯ್ತು. ಕ್ರೋಮಲ್ಲಿ ಜೀಮೇಲ್ ಹಾಕಿ ಸಿಂಕ್, ಅಂದ್ರೆ ಎಲ್ಲಾ ಕಡೆ ಒಂದೇ ಥರ ಇರೋ ಹಾಗೆ ಮಾಡೋದು, ಆನ್ ಇಟ್ಟಿದ್ರೆ ಇಲ್ಲಿ ಅಳಿಸಿದ್ದು ನಿಮ್ಮ ಗೂಗಲ್ ಅಕೌಂಟಿಂದಲೂ, ಅದೇ ಅಕೌಂಟ್ ಇರೋ ಫೋನಿಂದಲೂ ಹೋಗತ್ತೆ. ಆದ್ರೂ ಒಂದು ಪ್ರಯತ್ನ ಮಾಡಿ, ಮನೇಲಿ ಅದೇ ಅಕೌಂಟ್ ಇರೋ ಹಳೇ ಫೋನೋ ಲ್ಯಾಪ್‌ಟಾಪೋ ಡಿಲೀಟ್ ಮಾಡಿದ ಮೇಲೆ ಇನ್ನೂ ನೆಟ್‌ಗೆ ಬಂದಿಲ್ಲದೆ ಬಿದ್ದಿದ್ರೆ, ವೈಫೈ ಆಫ್ ಇಟ್ಟೇ ತೆಗೆದು, ಕ್ರೋಮ್ ಸೆಟ್ಟಿಂಗಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ನೋಡಿ, ಇದ್ರೆ ಅಲ್ಲೇ ಕೂತು ಒಂದು ನೋಟ್‌ಬುಕ್ಕಲ್ಲಿ ಬರ್ಕೊಳಿ. ಎಲ್ಲೂ ಸಿಗ್ಲಿಲ್ಲ ಅಂದ್ರೆ ‘ಫರ್ಗಾಟ್ ಪಾಸ್‌ವರ್ಡ್’ ದಾರಿ ಒಂದೇ.

ಇನ್ನು ಲಾಗಿನ್ ಪೇಜಿಗೇ ವಾಪಸ್ ಬರೋ ಆ ಸೈಟು. ನೀವು ಅದನ್ನ ಬುಕ್‌ಮಾರ್ಕಿಂದ ತೆಗೀತೀರ ಅನ್ಸತ್ತೆ. ಬುಕ್‌ಮಾರ್ಕ್ ಅಳಿದಿರಲ್ಲ, ಆದ್ರೆ ಅದರಲ್ಲಿರೋದು ಹಿಂದೆ ಲಾಗಿನ್ ಆಗಿದ್ದಾಗಿನ ಒಳಗಿನ ಪೇಜಿನ ಅಡ್ರೆಸ್ ಆಗಿರಬಹುದು, ಟೋಕನ್ ಇಲ್ಲದೆ ಒಳಗೆ ಹೋದ್ರೆ ಸೈಟ್ ಹೊರಗೆ ಕಳಿಸತ್ತೆ. ಆ ಸೈಟಿನ ಟ್ಯಾಬ್ ಎಲ್ಲಾ ಮುಚ್ಚಿ, ಮುಖ್ಯ ಅಡ್ರೆಸ್ ಕೈಯಾರೆ ಟೈಪ್ ಮಾಡಿ ಹೋಗಿ. ಆಗ್ಲಿಲ್ಲ ಅಂದ್ರೆ ಕಂಟ್ರೋಲ್ ಶಿಫ್ಟ್ ಎನ್ ಒತ್ತಿ ಇನ್‌ಕಾಗ್ನಿಟೋ ಅನ್ನೋ ಖಾಸಗಿ ಕಿಟಕೀಲಿ ನೋಡಿ, ಅಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದ್ರೆ ಕ್ರೋಮಿಗೆ ಸೇರಿಸ್ಕೊಂಡ ಪುಟ್ಟ ಪ್ರೋಗ್ರಾಂಗಳು, ನೀವಾಗೇ ಅನುಮತಿ ಕೊಟ್ಟಿದ್ದು ಬಿಟ್ರೆ ಓಡಲ್ಲ, ಅಲ್ಲಿ ಸರಿ ಬಂದ್ರೆ ಯಾವುದೋ ಎಕ್ಸ್‌ಟೆನ್ಶನ್ ಅಡ್ಡ ಬರ್ತಿರಬಹುದು, ಒಂದೊಂದೇ ಆಫ್ ಮಾಡಿ ನೋಡಿ.

ಟೆಂಪರರಿ ಫೈಲ್ಸ್ ತೆಗೀರಿ ಅನ್ನೋ ಸಲಹೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದ್ದು, ಆಗ ಹಾರ್ಡ್ ಡಿಸ್ಕ್ ಚಿಕ್ಕವು, ಜಾಗ ಉಳಿಯೋದು ದೊಡ್ಡ ವಿಷಯ. ಎಕ್ಸ್‌ಪ್ಲೋರರ್ 11 ಅನ್ನೇ ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸ್ತು, ಸಲಹೆ ಮಾತ್ರ ಓಡಾಡ್ತಾನೇ ಇದೆ. ಈ ಟೆಂಪರರಿ ಫೈಲ್‌ಗಳಿಗೆ ಕ್ಯಾಶೆ ಅಂತಾರೆ, ಅದು ಇರೋದೇ ಪೇಜ್ ಬೇಗ ಬರಲಿ ಅಂತ, ಲೋಗೋ, ಕನ್ನಡ ಫಾಂಟ್ ಇವನ್ನೆಲ್ಲ ಪ್ರತಿ ಸಲ ನೆಟ್ಟಿಂದ ತರದೆ ಡಿಸ್ಕಲ್ಲೇ ಇಟ್ಕೊಳ್ಳತ್ತೆ, ಅಳಿಸಿದ್ರೆ ಮೊದಲ ಒಂದೆರಡು ದಿನ ಇನ್ನೂ ನಿಧಾನ. ಕಂಪ್ಯೂಟರ್ ಸ್ಲೋ ಆಗೋಕೆ ನಿಜವಾದ ಕಾರಣ ಬೇಕು ಅಂದ್ರೆ ಕ್ರೋಮಲ್ಲಿ ಶಿಫ್ಟ್ ಎಸ್ಕೇಪ್ ಒತ್ತಿ, ಯಾವ ಟ್ಯಾಬ್ ಎಷ್ಟು ಮೆಮೊರಿ ತಿಂತಿದೆ ಅಂತ ಗೊತ್ತಾಗತ್ತೆ. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್ ಆಗಿದ್ರೆ ಎಸ್‌ಎಸ್‌ಡಿ, ಅಂದ್ರೆ ಅದಕ್ಕಿಂತ ಬೇಗ ಓಡೋ ಹೊಸ ಥರದ ಡಿಸ್ಕ್, ಹಾಕಿಸಿ, ಆ ದುಡ್ಡು ದಂಡ ಆಗಲ್ಲ.

ಮುಂದೆ ಯಾವುದಾದ್ರೂ ಒಂದು ಸೈಟ್ ತೊಂದರೆ ಕೊಟ್ರೆ ಮೊದಲು ಕಂಟ್ರೋಲ್ ಎಫ್5 ಒತ್ತಿ, ಹಳೇ ಕಾಪಿ ಬಿಟ್ಟು ಹೊಸದಾಗಿ ತರತ್ತೆ. ಸಾಲದಿದ್ರೆ ಅಡ್ರೆಸ್ಸಿನ ಎಡಗಡೆ ಇರೋ ಗುರುತು ಒತ್ತಿ, ಅಲ್ಲಿಂದ ಆ ಸೈಟಿನ ಡೇಟಾ ಒಂದನ್ನೇ ತೆಗೀರಿ. ಪೂರ್ತಿ ಕ್ಲೀನ್ ಮಾಡ್ಲೇಬೇಕು ಅಂದ್ರೆ ‘ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್’ ಒಂದಕ್ಕೆ ಮಾತ್ರ ಟಿಕ್.

ಇನ್ನೊಂದು ಮಾತು ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು. ಇಷ್ಟೆಲ್ಲಾ ಅಳಿಸಿದ್ರೂ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿ, ಜನರ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಪಿಡಿಎಫ್ ಎಲ್ಲಾ ಹಂಗೇ ಕೂತಿರತ್ತೆ, ಬ್ರೌಸರ್ ಅಳಿಸೋದು ಡೌನ್‌ಲೋಡ್ ಪಟ್ಟೀನ ಮಾತ್ರ, ಫೈಲನ್ನಲ್ಲ. ನಿಮ್ಮನ್ನ ನಂಬಿ ಕೊಟ್ಟಿರೋ ಕಾಗದ ಅವು. ದಿನಾ ಸಂಜೆ ಬಾಗಿಲು ಹಾಕೋ ಮುಂಚೆ ಆ ಫೋಲ್ಡರ್ ಖಾಲಿ ಮಾಡಿ, ರೀಸೈಕಲ್ ಬಿನ್ ಕೂಡ. ಗಿರಾಕಿಗಳ ಲಾಗಿನ್ನಿಗೆ ಕ್ರೋಮಿನ ಗೆಸ್ಟ್ ವಿಂಡೋ ಬಳಸಿ, ಮುಚ್ಚಿದ್ರೆ ಅವರ ಕುಕಿ ತಾನಾಗೇ ಹೋಗತ್ತೆ, ನಿಮ್ಮದು ಉಳಿಯತ್ತೆ.